ರಾತ್ರಿ ಕೆಂಪು, ಮುಂಜಾನೆ ಹಸಿರು: ಕಾಟಾ ಸಾಫ್ಟ್‌ವೇರಿನ ತಾರೀಖು ದೋಷ ಹಿಡಿದ ಬಗೆ

ದೋಷದ ಲಕ್ಷಣ

ಕಬ್ಬಿನ ಗಾಡಿ ತೂಗುವ ಕಾಟಾದ ಸ್ಲಿಪ್ಪಿನಲ್ಲಿ ತಾರೀಖು ಡಿಸೆಂಬರ್ 16, ಸಮಯ ರಾತ್ರಿ 2:10. ಸರ್ವರಿನಲ್ಲಿ ಅದೇ ಗಾಡಿ 15ನೇ ತಾರೀಖಿಗೆ ಜಮಾ ಆಗಿದೆ. 1ರಿಂದ 15ರ ಬಿಲ್ ಪಟ್ಟಿಯಲ್ಲಿ ಆ ಗಾಡಿ ಇಲ್ಲ, 16ರಿಂದ 31ರ ಪಟ್ಟಿಯಲ್ಲೂ ಇಲ್ಲ. ಕೋಡ್ ಸರಿಯಿದೆಯೇ ಎಂದು ತಾವಾಗಿ ಪರೀಕ್ಷಿಸುವ ನಮ್ಮ ಟೆಸ್ಟುಗಳು ಮಾತ್ರ ಎಲ್ಲವೂ ಹಸಿರು, ಅಂದರೆ ಪಾಸು. ಕೆಂಪು ಎಂದರೆ ಫೇಲು.

ನಾವು ಮೂವರು ಬಾಗಲಕೋಟೆಯ ನವನಗರದಲ್ಲಿ ಕೂತು ಒಂದು ಸಕ್ಕರೆ ಕಾರ್ಖಾನೆಗೆ ಕಾಟಾ ಮತ್ತು ಬಿಲ್ಲಿನ ಸಾಫ್ಟ್‌ವೇರ್ ಬರೆದುಕೊಟ್ಟವರು. ಈ ದೋಷ ನಮ್ಮ ಕೋಡಿನದೇ, ಕಾರ್ಖಾನೆಯವರ ತಪ್ಪು ಇದರಲ್ಲಿಲ್ಲ. ಜನವರಿ ಮೊದಲ ವಾರ ಲೋಕಾಪುರ ಕಡೆಯ ರೈತರೊಬ್ಬರು ಫೋನ್ ಮಾಡಿ, ‘ಸರ, ಸ್ಲಿಪ್ಪಿನ್ಯಾಗ ಹದಿನಾರು ಐತ್ರಿ. ಹಿಂದಿನ ಪಟ್ಟಿ ನೋಡೀನಿ, ಮುಂದಿನ ಪಟ್ಟೀನೂ ನೋಡೀನಿ, ನನ್ನ ಗಾಡಿ ಎರಡರಾಗೂ ಇಲ್ಲ. ಕಬ್ಬು ಎಲ್ಲಿ ಹೋತ್ರೀ?’ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು. ವರ್ಷವಿಡೀ ನೀರು ಹಾಯಿಸಿ ಬೆಳೆದ ಕಬ್ಬು, ಗ್ಯಾಂಗಿನವರಿಗೆ ಕಟಾವಿನ ಕೂಲಿ ಕೊಟ್ಟಾಗಿದೆ, ಗಾಡಿ ಬಾಡಿಗೆ ಕೊಟ್ಟಾಗಿದೆ, ಲೆಕ್ಕದಲ್ಲಿ ಒಂದು ಗಾಡಿಯೇ ಇಲ್ಲ.

ತಾರೀಖು ಒಂದು ದಿನ ಹಿಂದುಮುಂದಾದರೆ ಏನಾಯಿತು ಅನ್ನುವವರಿಗೆ ಒಂದು ಮಾತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ. ಎಣಿಕೆ ಶುರುವಾಗುವುದೇ ಆ ತಾರೀಖಿನಿಂದ. ಅದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಕೋಡು ಮುಟ್ಟುವ ಮುಂಚೆ

ಫೋನ್ ಇಟ್ಟ ಹತ್ತು ನಿಮಿಷದಲ್ಲಿ ನಮ್ಮ ಕಿರಿಯ ಗೆಳೆಯ ಪರಿಹಾರ ಹೇಳಿದ: ‘ರಾತ್ರಿ ಗಾಡಿಗೆ ಒಂದು ದಿನ ಕೂಡಿಸಿಬಿಡೂಣು.’ ಕೈ ಬಿಸಿಯಾಗಿದ್ದಾಗ ಎಲ್ಲರಿಗೂ ಹೊಳೆಯುವುದು ಇಂಥದ್ದೇ. ಹಾಗೆ ಮಾಡಿದ್ದರೆ ರಾತ್ರಿ 11:50ಕ್ಕೆ ಕಾಟಾ ಏರಿದ ಗಾಡಿ ಮರುದಿನಕ್ಕೆ ಹೋಗುತ್ತಿತ್ತು. ಒಬ್ಬ ರೈತರ ದೂರು ಮುಗಿದು ಇನ್ನೊಬ್ಬರದು ಶುರು.

ಮೊದಲ ಕೆಲಸ ದಾಖಲೆ ಕೂಡಿಸುವುದು. ಸ್ಲಿಪ್ಪಿನ ಫೋಟೊ, ಸರ್ವರಿನಲ್ಲಿರುವ ಆ ಸಾಲು, ಅವತ್ತು ಓಡುತ್ತಿದ್ದ ಸಾಫ್ಟ್‌ವೇರಿನ ಆವೃತ್ತಿ. ‘ತಾರೀಖು ಸರಿ ಬರತಿಲ್ಲ’ ಎಂದು ಬರೆದಿಟ್ಟರೆ ಅದು ದೂರು ಆಯಿತೇ ಹೊರತು ದೋಷದ ವಿವರಣೆ ಆಗಲಿಲ್ಲ. ಏನು ಬರಬೇಕಿತ್ತು, ಏನು ಬಂತು, ಎಷ್ಟು ಹೊತ್ತಿಗೆ, ಯಾವ ಯಂತ್ರದಲ್ಲಿ: ನಾಲ್ಕೂ ಬೇಕು.

ಎರಡನೆಯದು, ಒಂದೇ ಗಾಡಿ ಹಿಡಿದುಕೊಂಡು ಕೂರಬಾರದು. ಕಾಟಾದ ಪಿಸಿಯಲ್ಲಿ ಸ್ಲಿಪ್ಪುಗಳ ಪ್ರತಿ ಉಳಿದಿರುತ್ತದೆ. ಅದನ್ನೂ ಸರ್ವರಿನ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು, ತಾರೀಖು ಹೊಂದದ ಗಾಡಿಗಳನ್ನಷ್ಟೇ ತೆಗೆದು, ಸಮಯದ ಪ್ರಕಾರ ಜೋಡಿಸಿದೆವು. ಎಲ್ಲಕ್ಕಿಂತ ಮೊದಲಿನದು ರಾತ್ರಿ 12:04, ಕೊನೆಯದು ಮುಂಜಾನೆ 5:27. ಆರು ಗಂಟೆಯದು ಒಂದೂ ಇಲ್ಲ, ಹಗಲಿನದಂತೂ ಇಲ್ಲವೇ ಇಲ್ಲ. ಪರದೆಯ ಮೇಲೆ ಆ ಪಟ್ಟಿ ನೋಡುತ್ತಿದ್ದಂತೆ ಮೂವರೂ ಒಟ್ಟಿಗೆ ‘ಐದೂವರೆ’ ಅಂದೆವು.

ಭಾರತದ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕಿಂತ, 5 ತಾಸು 30 ನಿಮಿಷ ಮುಂದೆ. ನಮ್ಮಲ್ಲಿ ಡಿಸೆಂಬರ್ 16ರ ರಾತ್ರಿ 2:10 ಆದಾಗ ಯುಟಿಸಿಯಲ್ಲಿ ಇನ್ನೂ ಡಿಸೆಂಬರ್ 15ರ 20:40. ಸರ್ವರು ಯುಟಿಸಿಯಲ್ಲಿ ಸಮಯ ಉಳಿಸುತ್ತಿತ್ತು, ಅದು ಸರಿಯಾದ ರೂಢಿಯೇ. ಆದರೆ ಬಿಲ್ಲಿನ ತಾರೀಖನ್ನೂ ಆ ಯುಟಿಸಿ ಸಮಯದಿಂದ ನೇರವಾಗಿ ಕತ್ತರಿಸಿ ತೆಗೆಯುತ್ತಿತ್ತು, ಅಲ್ಲೇ ದೋಷ. ಕಾಟಾದ ಪಿಸಿಯ ಗಡಿಯಾರ ನಮ್ಮ ಸಮಯದ್ದು, ಹಾಗಾಗಿ ಸ್ಲಿಪ್ಪು ಸರಿ ಬರುತ್ತಿತ್ತು. ಹಂಗಾಮಿನಲ್ಲಿ ಕಾಟಾ ರಾತ್ರಿ ನಿಲ್ಲುವುದಿಲ್ಲ. ದಿನದ ಇಪ್ಪತ್ನಾಲ್ಕು ತಾಸಿನಲ್ಲಿ ಐದೂವರೆ ತಾಸು ಎಂದರೆ ಕಾಲು ಭಾಗಕ್ಕೆ ಹತ್ತಿರ, ಅಷ್ಟೂ ಹೊತ್ತಿನ ಗಾಡಿಗಳಿಗೆ ಹಿಂದಿನ ದಿನ ಬೀಳುತ್ತಿತ್ತು. ಉಳಿದ ರಾತ್ರಿಗಳಲ್ಲಿ ಬರೀ ತಾರೀಖು ತಪ್ಪು. 16ನೇ ಮತ್ತು 1ನೇ ತಾರೀಖಿನ ರಾತ್ರಿ ಮಾತ್ರ ಗಾಡಿಯೇ ಕಾಣೆ. ಪಾಕ್ಷಿಕ ಪಟ್ಟಿಗೆ ನಡುರಾತ್ರಿ 12ಕ್ಕೆ ಬೀಗ ಬೀಳುತ್ತದೆ, ಆಮೇಲೆ ಬಂದ ಗಾಡಿ ಹಳೆಯ ತಾರೀಖು ಹೊತ್ತು ಬಂದರೆ ಅದಕ್ಕೆ ಹಿಂದಿನ ಮನೆಯ ಬಾಗಿಲೂ ಮುಚ್ಚಿದೆ, ಮುಂದಿನ ಮನೆಯವರೂ ಒಳಗೆ ಬಿಡುವುದಿಲ್ಲ.

ಟೆಸ್ಟು ಮೊದಲೇ ಹೇಳಿತ್ತು

ಈ ಭಾಗ ಬರೆಯುವಾಗ ಈಗಲೂ ಮನಸ್ಸಿಗೆ ಕೆಡುಕೆನಿಸುತ್ತದೆ. ಡಿಸೆಂಬರ್ ಮೊದಲ ವಾರ ನಮ್ಮ ಗೆಳೆಯ ರಾತ್ರಿ 12:40ಕ್ಕೆ ಮನೆಯಿಂದ ಮೆಸೇಜು ಹಾಕಿದ್ದ: ಒಂದು ಟೆಸ್ಟ್ ಕೆಂಪಾಗಿದೆ. ಮುಂಜಾನೆ ನಾನು ಅದನ್ನು ಮತ್ತೆ ಓಡಿಸಿದೆ, ಹಸಿರು. ‘ಕೆಲವೊಮ್ಮೆ ಹಂಗಾಗತೈತಿ, ಇನ್ನೊಮ್ಮೆ ಓಡಿಸು’ ಅಂದವನು ನಾನೇ.

ಆ ಟೆಸ್ಟು ಇಷ್ಟೇ ಕೇಳುತ್ತಿತ್ತು: ಈಗ ತೂಗಿದ ಗಾಡಿಯ ತಾರೀಖು ಇವತ್ತಿನದಾ? ‘ಇವತ್ತು’ ಯಾವುದೆಂದು ತಿಳಿಯಲು ಅದು ಲ್ಯಾಪ್‌ಟಾಪಿನ ಗಡಿಯಾರ ನೋಡುತ್ತಿತ್ತು, ಅದು ನಮ್ಮ ಸಮಯ. ಗಾಡಿಯ ತಾರೀಖು ಬರುತ್ತಿದ್ದದ್ದು ಯುಟಿಸಿಯಿಂದ. ಹಗಲೆಲ್ಲ ಎರಡೂ ಒಂದೇ, ನಡುರಾತ್ರಿಯಿಂದ ಐದೂವರೆವರೆಗೆ ಬೇರೆ. ಕೋಡ್ ಸೇರಿಸಿದಾಗಲೆಲ್ಲ ಟೆಸ್ಟ್ ಓಡಿಸುವ ಕ್ಲೌಡ್ ಯಂತ್ರದ ಗಡಿಯಾರವೇ ಯುಟಿಸಿ. ಅಲ್ಲಿ ಕೇಳುವವರೂ ಹೇಳುವವರೂ ಒಂದೇ ಗಡಿಯಾರ ನೋಡುವುದರಿಂದ ಯಾವ ಹೊತ್ತಿನಲ್ಲೂ ಹಸಿರು. ಸರಿಯಾಗಿ ಹೇಳಿದ್ದು ಆ ರಾತ್ರಿಯ ಕೆಂಪು ಒಂದೇ.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಮ್ಮೆ ಕೆಂಪು, ಒಮ್ಮೆ ಹಸಿರು ಆಗುವ ಟೆಸ್ಟನ್ನು ಮರು ಓಡಿಸುವ ಮುಂಚೆ ಗಂಟೆ, ಯಂತ್ರ, ಯಾವ ಟೆಸ್ಟಿನ ನಂತರ ಓಡಿತು ಎನ್ನುವುದನ್ನು ಬರೆದಿಡಬೇಕು. ಆಮೇಲೆ ಅದೊಂದನ್ನೇ ಬೇರೆಯಾಗಿ ಓಡಿಸಬೇಕು. ಒಂಟಿಯಾಗಿ ಹಸಿರು, ಗುಂಪಿನಲ್ಲಿ ಕೆಂಪು ಎಂದರೆ ಮುಂಚಿನ ಯಾವುದೋ ಟೆಸ್ಟ್ ಡೇಟಾಬೇಸಿನಲ್ಲಿ ಇಲ್ಲವೇ ಯಾವುದಾದರೂ ಜಾಗತಿಕ ವೇರಿಯಬಲ್ಲಿನಲ್ಲಿ ಕಸ ಬಿಟ್ಟುಹೋಗಿದೆ. ಟೆಸ್ಟುಗಳ ಸರದಿ ಅದಲುಬದಲು ಮಾಡಿ ಓಡಿಸಿದರೆ ಕಸ ಬಿಟ್ಟವರು ಸಿಗುತ್ತಾರೆ. ಯಂತ್ರದ ಸಮಯವಲಯ ಬದಲಿಸಿದಾಗ ಬಣ್ಣ ಬದಲಾದರೆ ನಮ್ಮದೇ ಕತೆ. ನೆಟ್ ತೆಗೆದಾಗ ಕೆಂಪಾದರೆ ಆ ಟೆಸ್ಟ್ ಹೊರಗಿನ ಯಾವುದೋ ಸೇವೆಯ ಮೇಲೆ ನಿಂತಿದೆ, ಅದನ್ನು ಬೇರೆ ಮಾಡಬೇಕು.

ಮೊದಲು ಕೆಂಪು, ಅದೂ ಸರಿಯಾದ ಕೆಂಪು

ಟೆಸ್ಟ್ ಮೊದಲು, ಕೋಡ್ ಆಮೇಲೆ ಎನ್ನುವ ಪದ್ಧತಿಯನ್ನು ಹೆಚ್ಚಾಗಿ ಹೊಸ ಕೆಲಸದ ವಿಷಯದಲ್ಲೇ ಕಲಿಸುತ್ತಾರೆ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ವಿಮಾನದಲ್ಲಿ ಕೂತು ಜೆಯುನಿಟ್ ಎಂಬ ಟೆಸ್ಟ್ ಸಾಧನದ ಮೊದಲ ರೂಪ ಬರೆದಾಗಿನಿಂದ ಕೆಂಪು, ಹಸಿರು ಪಟ್ಟಿ ನಮ್ಮ ಕಸುಬಿನ ಭಾಷೆಯೇ ಆಗಿದೆ. ನನ್ನ ಅನುಭವದಲ್ಲಿ ಆ ಪದ್ಧತಿಯ ನಿಜವಾದ ಬೆಲೆ ಗೊತ್ತಾಗುವುದು ದೋಷ ಹುಡುಕುವಾಗ. ದೋಷವನ್ನು ಟೆಸ್ಟಿನಲ್ಲಿ ಹಿಡಿದು ಕಟ್ಟಿಹಾಕದೆ ಕೋಡ್ ತಿದ್ದಿದರೆ, ಹೋಗಿದ್ದು ಅದೇ ದೋಷವಾ ಎಂದು ತಿಳಿಯಲು ಮತ್ತೆ ರೈತರ ಫೋನ್ ಬರುವತನಕ ಕಾಯಬೇಕು.

ನಾವು ಟೆಸ್ಟಿಗೆ ಕನ್ನಡದಲ್ಲೇ ಹೆಸರಿಟ್ಟೆವು: ರಾತ್ರಿ_ಎರಡಕ್ಕೆ_ತೂಗಿದ_ಗಾಡಿ_ಅದೇ_ದಿನದ್ದು. ನಾವು ಕೋಡ್ ಬರೆಯುವ ಭಾಷೆಯಾದ ಪೈಥಾನ್ 3ರಲ್ಲಿ ಕನ್ನಡ ಅಕ್ಷರದ ಹೆಸರು ನಡೆಯುತ್ತದೆ. ಟೆಸ್ಟ್ ಓಡಿಸುವ ಪೈಟೆಸ್ಟಿಗೆ ಗುರುತು ಸಿಗಲಿ ಎಂದು ಮುಂದೆ ರೂಢಿಯ ಇಂಗ್ಲಿಷ್ ಪೂರ್ವಪದ ಸೇರಿಸಿದರಾಯಿತು. ಟೆಸ್ಟ್ ಕೆಂಪಾದಾಗ ಪರದೆಯ ಮೇಲೆ ಬರುವ ವಾಕ್ಯವನ್ನು ಕಾರ್ಖಾನೆಯ ಲೆಕ್ಕಿಗರೂ ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಅದರಿಂದ ಆದ ಉಪಯೋಗ ಸಣ್ಣದಲ್ಲ.

ಬರೆದ ಟೆಸ್ಟ್ ಮೊದಲ ಸಲಕ್ಕೇ ಹಸಿರಾಯಿತು. ದೋಷ ಕಣ್ಣೆದುರಿಗಿರುವಾಗ ಹಸಿರು ಬಂದರೆ ಟೆಸ್ಟೇ ತಪ್ಪು. ನೋಡಿದರೆ ಟೆಸ್ಟಿನಲ್ಲಿ 2:10 ಎಂದು ಕೊಟ್ಟಿದ್ದೆವು, ಯಾವ ಊರಿನ 2:10 ಎಂದು ಹೇಳಿರಲಿಲ್ಲ. ಸಮಯವಲಯ ಅಂಟಿಸದ ಸಮಯವನ್ನು ಫಂಕ್ಷನ್ (ತಾರೀಖು ತೆಗೆಯುವ ಕೋಡಿನ ತುಣುಕು) ಹಾಗೆಯೇ ತೆಗೆದುಕೊಂಡು 16 ಎಂದು ಕೊಟ್ಟಿತ್ತು.

ವಲಯ ಸೇರಿಸಿ ಓಡಿಸಿದೆವು, ಈಗ ಕೆಂಪು. ಗೆಳೆಯ ಕೋಡ್ ತಿದ್ದಲು ಹೊರಟೇಬಿಟ್ಟ. ‘ತಡಿ, ಏನಂತ ಓದು’ ಅಂದೆ. ಏಷ್ಯಾ/ಕೋಲ್ಕತ್ತ ಎಂಬ ಭಾರತದ ವಲಯವೇ ಸಿಗಲಿಲ್ಲ ಎಂದಿತ್ತು. ಅವನದು ವಿಂಡೋಸ್ ಯಂತ್ರ. ಸಮಯವಲಯ ನೋಡಿಕೊಳ್ಳುವ ಪೈಥಾನಿನ ಜೋನ್‌ಇನ್ಫೋ ತನ್ನ ಮಾಹಿತಿಯನ್ನು ಯಂತ್ರದಿಂದ ಪಡೆಯುತ್ತದೆ, ವಿಂಡೋಸಿನಲ್ಲಿ ಅದು ಆ ರೂಪದಲ್ಲಿ ಇರುವುದಿಲ್ಲ, ಟಿಜೆಡ್‌ಡೇಟಾ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಈ ಕೆಂಪಿಗೂ ನಮ್ಮ ದೋಷಕ್ಕೂ ಸಂಬಂಧವೇ ಇರಲಿಲ್ಲ.

ಪ್ಯಾಕೇಜ್ ಹಾಕಿದ ಮೇಲೆ ಮೂರನೇ ಸಲ: ಬರಬೇಕಿದ್ದದ್ದು 16, ಬಂದದ್ದು 15. ರೈತರು ಫೋನಿನಲ್ಲಿ ಹೇಳಿದ ಮಾತೇ ಪರದೆಯ ಮೇಲೆ. ನಮಗೆ ಬೇಕಿದ್ದ ಕೆಂಪು ಇದು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ‘16’ ಎನ್ನುವ ಉತ್ತರವನ್ನು ನಾವು ಸ್ಲಿಪ್ಪಿನಿಂದ ತೆಗೆದುಕೊಂಡೆವು, ಕೋಡಿನಿಂದಲ್ಲ. ಕೋಡಿನಲ್ಲಿರುವ ಸೂತ್ರವನ್ನೇ ಟೆಸ್ಟಿನಲ್ಲೂ ಬರೆದು ಎರಡೂ ಹೊಂದಿದವು ಎಂದು ಖುಷಿಪಡುವ ಟೆಸ್ಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಲ್ಲಿನ ಟೆಸ್ಟುಗಳಿಗೆ ಉತ್ತರ ಕೊಟ್ಟವರು ಕಾರ್ಖಾನೆಯ ಹಿರಿಯ ಲೆಕ್ಕಿಗರು. ಹಳೆಯ ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಟ್ಟು ತೂಕ, ಅದರ ಕೆಳಗೆ ಖಾಲಿ ಗಾಡಿಯ ತೂಕ, ಗೆರೆ ಎಳೆದು ನಿವ್ವಳ, ಆಮೇಲೆ ದರದಿಂದ ಗುಣಾಕಾರ. ಪೈಸೆ ಬಂದಲ್ಲಿ ಒಂದು ಕ್ಷಣ ನಿಂತು, ‘ಅರ್ಧ ಪೈಸಾ ಬಂದ್ರ ನಾವು ಮ್ಯಾಲಕ್ಕ ಏರಿಸ್ತೀವ್ರಿ’ ಅಂದರು. ಆ ಒಂದು ಮಾತು ನಮ್ಮ ಇನ್ನೊಂದು ದೋಷ ಹೊರಗೆ ತಂದಿತು. ಪೈಥಾನಿನಲ್ಲಿ 2.675ನ್ನು ಎರಡು ದಶಮಾಂಶಕ್ಕೆ ಸರಿಮಾಡಿ ಎಂದರೆ 2.67 ಬರುತ್ತದೆ, 2.68 ಅಲ್ಲ. ಫ್ಲೋಟ್ ಎಂಬ ದ್ವಿಮಾನ ರೂಪದಲ್ಲಿ ಆ ಸಂಖ್ಯೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ ಕೂತಿರುತ್ತದೆ. ಹಣದ ಲೆಕ್ಕಕ್ಕೆ ಫ್ಲೋಟ್ ಬೇಡ, ದಶಮಾಂಶವನ್ನು ಇದ್ದಂತೆಯೇ ಇಡುವ ಡೆಸಿಮಲ್ ಬಳಸಿ, ಅರ್ಧ ಬಂದರೆ ಯಾವ ಕಡೆ ಎನ್ನುವುದನ್ನು ಬಾಯಿಬಿಟ್ಟು ಬರೆಯಿರಿ.

ಹಸಿರು ಮಾಡಿದ್ದು

ತಿದ್ದುಪಡಿ ಒಂದೇ ಸಾಲಿನದು: ಯುಟಿಸಿ ಸಮಯವನ್ನು ಮೊದಲು ಭಾರತದ ಸಮಯಕ್ಕೆ ತಿರುಗಿಸಿ, ಆಮೇಲೆ ತಾರೀಖು ತೆಗೆ. ಉಳಿಸುವುದು ಯುಟಿಸಿಯಲ್ಲೇ ಇರಲಿ.

ಹಸಿರಾದ ಮೇಲೆ ಅಂಚಿನ ಸಮಯಗಳನ್ನೆಲ್ಲ ಅದೇ ಟೆಸ್ಟಿಗೆ ಸಾಲಾಗಿ ಕೊಟ್ಟೆವು. ರಾತ್ರಿ 11:59, ನಡುರಾತ್ರಿ 12:00, ಮುಂಜಾನೆ 5:29, 5:30, ಡಿಸೆಂಬರ್ 31ರಿಂದ ಜನವರಿ 1ಕ್ಕೆ ದಾಟುವ ಹೊತ್ತು, ಫೆಬ್ರುವರಿ 28ರಿಂದ ಮಾರ್ಚ್ 1ಕ್ಕೆ, ಅಧಿಕ ವರ್ಷದಲ್ಲಿ 29ಕ್ಕೆ. ‘ಒಂದು ದಿನ ಕೂಡಿಸೂಣು’ ಎಂಬ ಮೊದಲಿನ ಉಪಾಯವನ್ನು ಪ್ರಯೋಗಕ್ಕೆಂದು ಹಾಕಿ ನೋಡಿದೆವು. 11:59ರ ಸಾಲು ಕೆಂಪಾಯಿತು. ಗೆಳೆಯನಿಗೆ ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ.

ಜೊತೆಗೆ ಇನ್ನೊಂದು ಬದಲಾವಣೆ. ಮುಂಚೆ ಫಂಕ್ಷನ್ ತಾನೇ ಗಡಿಯಾರ ನೋಡುತ್ತಿತ್ತು. ಈಗ ಸಮಯವನ್ನು ಹೊರಗಿನಿಂದ ಕೊಡುತ್ತೇವೆ. ಗಡಿಯಾರವನ್ನು ಕೋಡಿನ ಹೊಟ್ಟೆಯೊಳಗೆ ಇಟ್ಟರೆ ರಾತ್ರಿ ಎರಡರ ಟೆಸ್ಟಿಗೆ ರಾತ್ರಿ ಎರಡಕ್ಕೇ ಏಳಬೇಕಾಗುತ್ತದೆ.

ದೋಷ ಯಾವಾಗ ಹೊಕ್ಕಿತು ಎಂದು ತಿಳಿಯಲು, ಕೋಡಿನ ಹಳೆಯ ಆವೃತ್ತಿಗಳಲ್ಲಿ ಹುಡುಕುವ ಗಿಟ್ ಬೈಸೆಕ್ಟ್ ಬಳಸಿದೆವು. ಚೆನ್ನಾಗಿದ್ದ ಆವೃತ್ತಿಗೂ ಕೆಟ್ಟದ್ದಕ್ಕೂ ನಡುವೆ ಅರವತ್ತರಷ್ಟು ಕಮಿಟ್, ಅಂದರೆ ಉಳಿಸಿಟ್ಟ ಬದಲಾವಣೆಗಳು. ಪ್ರತಿ ಸಲ ಅರ್ಧ ಬಿಡುತ್ತ ಹೋದರೆ ಆರು ಸುತ್ತಿನಲ್ಲಿ ಮುಗಿಯುತ್ತದೆ. ಹೊಸ ಟೆಸ್ಟ್ ಫೈಲನ್ನು ಕಮಿಟ್ ಮಾಡದೆ ಹೊರಗೆ ಇಟ್ಟುಕೊಳ್ಳಿ, ಇಲ್ಲವಾದರೆ ಹಳೆಯ ಆವೃತ್ತಿಗೆ ಹೋದಾಗ ಟೆಸ್ಟೇ ಇರುವುದಿಲ್ಲ. ಸಿಕ್ಕಿದ್ದು ನನ್ನದೇ ಕಮಿಟ್: ಸಮಯವನ್ನೆಲ್ಲ ಯುಟಿಸಿಗೆ ಬದಲಿಸಿದ ದಿನ, ಬಿಲ್ಲಿನ ತಾರೀಖಿನ ಸಾಲೂ ಜೊತೆಗೆ ಬದಲಾಗಿತ್ತು. ಅದೇ ಕಮಿಟ್ಟಿನಲ್ಲಿ ಇಂಥವೇ ಇನ್ನೂ ಮೂರು ಸಾಲು ಸಿಕ್ಕವು.

ನಕಲಿ ಕಾಟಾ ಬಲು ಸಾಧು

ತಾರೀಖು ಹುಡುಕಲು ಹೋದವರಿಗೆ ಟೆಸ್ಟಿನ ಇನ್ನೊಂದು ಕೊರತೆಯೂ ಕಂಡಿತು. ಟೆಸ್ಟಿನಲ್ಲಿ ನಿಜವಾದ ಕಾಟಾ ಇರುವುದಿಲ್ಲ, ಅದರ ಜಾಗದಲ್ಲಿ ನಾವೇ ಮಾಡಿದ ನಕಲಿ ಇರುತ್ತದೆ. ನಮ್ಮ ನಕಲಿ ಕೇಳಿದ ತಕ್ಷಣ ಒಂದೇ ಸ್ಪಷ್ಟ ಸಂಖ್ಯೆ ಕೊಡುತ್ತಿತ್ತು. ಯಾರ್ಡಿನಲ್ಲಿ ನಡೆಯುವುದೇ ಬೇರೆ. ನಾನು ಒಂದು ರಾತ್ರಿ ಕಾಟಾ ಕೋಣೆಯಲ್ಲಿ ಕೂತು ನೋಡಿದೆ. ಹೊರಗೆ ಚಳಿಗೆ ಡ್ರೈವರುಗಳು ರವದಿ (ಕಬ್ಬಿನ ಒಣಗರಿ) ಉರಿ ಹಚ್ಚಿ ಸುತ್ತ ಕೂತಿದ್ದಾರೆ. ಡಬಲ್ ಟ್ರೇಲರಿನ ಟ್ರ್ಯಾಕ್ಟರು ಕಾಟಾ ಏರುತ್ತದೆ, ಹಿಂದಿನ ಟ್ರೇಲರಿನ ಗಾಲಿ ಇನ್ನೂ ಇಳಿಜಾರಿನಲ್ಲಿದೆ, ತೂಕ ತೋರಿಸುವ ಇಂಡಿಕೇಟರಿನಲ್ಲಿ ಅಂಕಿ ಏರಿಳಿಯುತ್ತಲೇ ಇದೆ. ಸೀರಿಯಲ್ ಕೇಬಲ್ಲಿನಲ್ಲಿ ಆ ಏರಿಳಿತವೆಲ್ಲ ಎಡೆಬಿಡದೆ ಹರಿದು ಬರುತ್ತದೆ, ನಡುನಡುವೆ ಖಾಲಿ ಜಾಗ, ಅರ್ಧಕ್ಕೆ ತುಂಡಾದ ಸಾಲು.

ಅವತ್ತು ಹತ್ತು ನಿಮಿಷ ಬಂದದ್ದನ್ನೆಲ್ಲ ಒಂದು ಫೈಲಿಗೆ ತುಂಬಿಕೊಂಡು ಬಂದೆ. ಈಗ ನಮ್ಮ ನಕಲಿ ಕಾಟಾ ಆ ಫೈಲನ್ನೇ ಓದಿ ಹೇಳುತ್ತದೆ. ಅದನ್ನು ಹಾಕಿದ ದಿನವೇ ತೂಕ ಓದುವ ಎರಡು ಟೆಸ್ಟು ಕೆಂಪಾದವು: ತುಂಡು ಸಾಲನ್ನು ನಮ್ಮ ಕೋಡ್ ಪೂರ್ತಿ ತೂಕವೆಂದು ನಂಬುತ್ತಿತ್ತು. ಅಂಥ ತೂಕ ಬಿಲ್ಲಿನವರೆಗೆ ಹೋಗದಂತೆ ತಡೆದದ್ದು ಕಾಟಾದವರ ಕಣ್ಣು. ಅಂಕಿ ವಿಚಿತ್ರವಾಗಿದ್ದರೆ ಅವರು ಗಾಡಿಯನ್ನು ಇಳಿಸಿ ಮತ್ತೆ ಏರಿಸುತ್ತಿದ್ದರು.

ಎರಡು ಲೋಕಾಪುರ

ಕನ್ನಡದಲ್ಲಿ ದಾಖಲೆ ಇಡುವವರೆಲ್ಲ ಇದನ್ನೊಂದು ಪರೀಕ್ಷಿಸಿ. ಫೋನ್ ಮಾಡಿದ ರೈತರ ಖಾತೆ ಹುಡುಕುವಾಗ ಊರುಗಳ ಪಟ್ಟಿಯಲ್ಲಿ ಲೋಕಾಪುರ ಎರಡು ಸಲ ಇತ್ತು. ಕಣ್ಣಿಗೆ ಒಂದು ಚುಕ್ಕಿಯ ವ್ಯತ್ಯಾಸವೂ ಇಲ್ಲ. ಉದ್ದ ಅಳೆದರೆ ಒಂದಕ್ಕೆ 7 ಸಂಕೇತ, ಇನ್ನೊಂದಕ್ಕೆ 9. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ‘ಲೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಾಟಾದಲ್ಲಿ ಬೆರಳಚ್ಚು ಮಾಡಿದ್ದು ಒಂದು ಬಗೆ, ಹಳೆಯ ಫಾಂಟಿನ ಪಟ್ಟಿಯಿಂದ ಪರಿವರ್ತಿಸಿ ತಂದದ್ದು ಇನ್ನೊಂದು ಬಗೆ. ಈ, ಏ, ಐ, ಒ, ಓ ಈ ಐದು ಸ್ವರಗಳ ಚಿಹ್ನೆಗಳಿಗೂ ಇದೇ ಗತಿ. ನಮ್ಮ ಜಿಲ್ಲೆಯಲ್ಲಿ ಬಾಗಲಕೋಟೆ, ಮುಧೋಳ, ಬೀಳಗಿ ಮೂರೂ ಸಿಕ್ಕಿಬೀಳುತ್ತವೆ. ಜಮಖಂಡಿ, ಬಾದಾಮಿ, ಹುನಗುಂದ ಪಾರು.

ಟೆಸ್ಟ್ ಡೇಟಾದಲ್ಲಿ ಯಾರೋ ಜಮಖಂಡಿ ಒಂದನ್ನೇ ಬಳಸಿದ್ದರಿಂದ ಇಷ್ಟು ದಿನ ಹಸಿರಾಗಿತ್ತು. ಒಳಗೆ ಬರುವ ಪ್ರತಿ ಹೆಸರನ್ನೂ ತುಂಡುಗಳು ಕೂಡಿದ ಎನ್‌ಎಫ್‌ಸಿ ರೂಪಕ್ಕೆ ತಂದು ಉಳಿಸಿದರೆ ಎರಡು ಒಂದಾಗುತ್ತವೆ. ಟೆಸ್ಟ್ ಬರೆಯುವಾಗ ಒಡೆದ ರೂಪವನ್ನು ಸಂಕೇತ ಸಂಖ್ಯೆಗಳಿಂದಲೇ ಕಟ್ಟಿ. ಕೀಲಿಮಣೆಯಿಂದ ಟೈಪು ಮಾಡಿದರೆ ಎರಡು ಕಡೆಯೂ ಒಂದೇ ರೂಪ ಬಂದು ಟೆಸ್ಟ್ ಏನನ್ನೂ ಪರೀಕ್ಷಿಸುವುದಿಲ್ಲ.

ಹಳೆಯ ಸಾಲುಗಳು

ಕೋಡ್ ಸರಿಯಾದರೂ ಡೇಟಾಬೇಸಿನಲ್ಲಿ ಕೂತ ತಪ್ಪು ತಾರೀಖು ತಾನಾಗಿ ಏಳುವುದಿಲ್ಲ. ಮೂಲ ಯುಟಿಸಿ ಸಮಯ ಪ್ರತಿ ಸಾಲಿನಲ್ಲೂ ಉಳಿದಿತ್ತು, ಅದರಿಂದ ತಾರೀಖನ್ನು ಮತ್ತೆ ಲೆಕ್ಕಹಾಕಿದೆವು. ಅದಿಲ್ಲದೆ ಬರೀ ತಾರೀಖು ಇಟ್ಟಿದ್ದರೆ ಕಾಟಾದ ಸ್ಲಿಪ್ಪುಗಳನ್ನು ಒಂದೊಂದಾಗಿ ಎತ್ತಿಕೊಳ್ಳಬೇಕಿತ್ತು. ತಿದ್ದುವ ಸ್ಕ್ರಿಪ್ಟಿಗೂ ಟೆಸ್ಟ್ ಬರೆದೆವು: ಎರಡು ಸಲ ಓಡಿಸಿದರೂ ಫಲ ಒಂದೇ ಇರಬೇಕು, ಹಗಲಿನ ಒಂದು ಸಾಲೂ ಬದಲಾಗಬಾರದು. ಮೊದಲು ಡೇಟಾಬೇಸಿನ ಪ್ರತಿಯ ಮೇಲೆ ಓಡಿಸಿ, ಬದಲಾದ ಸಾಲುಗಳನ್ನು ಮುದ್ರಿಸಿ ಲೆಕ್ಕಿಗರ ಕೈಗೆ ಕೊಟ್ಟೆವು. ಅವರು ಸ್ಲಿಪ್ಪುಗಳಿಗೆ ತಾಳೆ ಹಾಕಿ ಪ್ರತಿ ಸಾಲಿಗೂ ಪೆನ್ಸಿಲಿನಿಂದ ಗುರುತು ಹಾಕಿದ ಮೇಲೆಯೇ ಅಸಲಿನ ಮೇಲೆ ಓಡಿಸಿದ್ದು.

ಎರಡು ರಾತ್ರಿಯ ಕಾಣೆಯಾದ ಗಾಡಿಗಳಿಗೆ ಕಾರ್ಖಾನೆಯವರು ಬೇರೆ ಪಟ್ಟಿ ಮಾಡಿ ಬಿಲ್ ತೆಗೆದರು. ಲೋಕಾಪುರದ ರೈತರಿಗೆ ಫೋನ್ ಮಾಡಿ ಸ್ಲಿಪ್ ನಂಬರು, ತಾರೀಖು, ತೂಕ ಓದಿ ಹೇಳಿದೆ. ‘ಹದಿನಾರು ಅಂತ ಬಂದೈತಲ್ರೀ?’ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಅವರು ಕಳಿಸಿದ ಸ್ಲಿಪ್ಪಿನ ಫೋಟೊ ನಮ್ಮ ಟೆಸ್ಟ್ ಫೋಲ್ಡರಿನಲ್ಲಿ ಆ ಟೆಸ್ಟಿನ ಪಕ್ಕದಲ್ಲೇ ಇದೆ, ಫೈಲಿಗೆ ಸ್ಲಿಪ್ ನಂಬರೇ ಹೆಸರು.